ಸಾಂಬಾ ಬಡಿತ: ಬ್ರೆಜಿಲಿನ ಓಣಿಯಿಂದ ಡ್ರಮ್ ಸೆಟ್ಟಿಗೆ

ನಮ್ಮ ಜತ್ತ ಸೀಮೆಯ ಲಗ್ನದ ಮೆರವಣಿಗಿ, ಗಣಪತಿ ಮೆರವಣಿಗಿ ಎಲ್ಲದರಾಗೂ ಈಗ ಬ್ಯಾಂಜೊ ಪಾರ್ಟಿ ಬರತೈತಿ. ಆ ಗಾಡಿ ಮೇಲೆ ಒಬ್ಬ ಹುಡುಗ ಡ್ರಮ್ ಸೆಟ್ ಹಾಕಿಕೊಂಡು ಕೂತಿರತಾನ. ಆರು ಮಂದಿ ಹಲಗಿಯವರು, ಹತ್ತು ಮಂದಿ ಡೊಳ್ಳಿನವರು ಕೂಡಿ ಮಾಡುವ ಸಪ್ಪಳವನ್ನು ಅವನೊಬ್ಬನೇ ಮಾಡತಾನ. ಈ ಹುಡುಗರು ಮೊಬೈಲ್ ನೋಡಿ ದೇಶದೇಶದ ಬಡಿತ ಕಲಿಯುತ್ತಾರೆ. ಅದರೊಳಗ ಬ್ರೆಜಿಲ್ ದೇಶದ ಸಾಂಬಾ ಅನ್ನೂದೂ ಒಂದು. ಅವರು ಬಾರಿಸುವಾಗ ಕೇಳಿದರೆ ಲೆಕ್ಕ ತಪ್ಪಿರೂದಿಲ್ಲ, ಆದರೂ ಕೇಳುವವರ ಕಾಲು ಕುಣಿಯಂಗಿಲ್ಲ. ಡೊಳ್ಳಿನ ಪದ ಹಾಡುವವನಾದ ನನಗೆ ಇದು ತಲೆ ಕೊರೆಯುವ ಸಂಗತಿ ಆತು. ನಾನು ಏಳನೇ ಇಯತ್ತೆವರೆಗೆ ಓದಿದ ಒಕ್ಕಲಿಗ. ಪುಸ್ತಕ ಓದಿ ಹೇಳಲಿಕ್ಕೆ ಮಾಸ್ತರರು, ಹಾಡು ಕೇಳಿಸಲಿಕ್ಕೆ ಹುಡುಗರು ಸಿಕ್ಕರು. ಹಿಂಗ ಆ ಬಡಿತದ ಬೇರು ಹುಡುಕುತ್ತಾ ಹೋದೆ.

ಸಿಕ್ಕಿದ್ದು ಇಷ್ಟು. ಡ್ರಮ್ ಸೆಟ್ಟಿನ ಸಾಂಬಾ ಅಂದ್ರ ಒಂದು ಓಣಿ ಮಂದಿ ಕೂಡಿ ಬಾರಿಸಿದ್ದನ್ನು ಒಬ್ಬನ ಎರಡು ಕೈ, ಎರಡು ಕಾಲಿಗೆ ಹಂಚಿ ಕೊಟ್ಟಿದ್ದು. ಯಾವ ಕೈ ಯಾರದ್ದು, ಯಾವ ಕಾಲು ಯಾರದ್ದು ಅಂತ ತಿಳಿಯದೆ ಬಾರಿಸಿದರೆ ಅದು ಬರೇ ಲೆಕ್ಕ ಆಗಿ ಉಳೀತೈತಿ. ಅದಕ್ಕ ಮೊದಲು ಆ ಮಂದಿಯ ಸುದ್ದಿ ಹೇಳಿ, ಆಮೇಲೆ ಬಡಿತಕ್ಕೆ ಬರತೇನಿ.

ಸಾಂಬಾ ಅಂದ ಕೂಡಲೇ ನಮ್ಮವರಿಗೆ ಸಾಂಬಶಿವ ನೆನಪಾಗತಾನ, ಗೋಂಧಳಿಗರ ಸಂಬಾಳ ನೆನಪಾಗತೈತಿ. ಅವಕ್ಕೂ ಇದಕ್ಕೂ ಸಂಬಂಧ ಇಲ್ಲ. ಆಫ್ರಿಕಾದ ಅಂಗೋಲಾ ಕಡೆ "ಸೆಂಬ" ಅನ್ನುವ ಮಾತಿದೆ. ಕುಣಿಯುವವರು ಹೊಕ್ಕಳಿಗೆ ಹೊಕ್ಕಳು ತಾಗಿಸಿ ಮತ್ತೊಬ್ಬರನ್ನು ಕುಣಿತಕ್ಕೆ ಕರೆಯುವ ರೀತಿಗೆ ಆ ಹೆಸರು. ಅದೇ ಮಾತು ಸಾಂಬಾ ಆಯಿತು ಅಂತ ಬಾಳ ಮಂದಿ ಬಲ್ಲವರು ಹೇಳತಾರ.

ಅಂಗೋಲಾದ ಮಾತು ಬ್ರೆಜಿಲಿಗೆ ಹೆಂಗ ಹೋಯಿತು? ತಾನಾಗಿ ಹೋಗಲಿಲ್ಲ, ಸರಪಳಿ ಕಟ್ಟಿಸಿಕೊಂಡು ಹೋಯಿತು. ಗೋವಾ ಆಳಿದ ಪೋರ್ತುಗೀಜರೇ 1822ರವರೆಗೆ ಬ್ರೆಜಿಲನ್ನೂ ಆಳಿದರು. ಅಲ್ಲಿ ಕಬ್ಬಿನ ತೋಟ, ತಂಬಾಕಿನ ಹೊಲ, ಚಿನ್ನದ ಗಣಿ, ಆಮೇಲೆ ಕಾಫಿ ತೋಟ ಹೀಗೆ ಒಂದರ ಹಿಂದೊಂದು ಬೆಳೆದವು. ದುಡಿಯುವುದಕ್ಕೆ ಆಫ್ರಿಕಾದಿಂದ ಮನುಷ್ಯರನ್ನು ಹಡಗಿನಾಗ ತುಂಬಿ ತಂದರು. ಮುನ್ನೂರಕ್ಕಿಂತ ಹೆಚ್ಚು ವರ್ಷದಾಗ ಹಿಂಗ ಬ್ರೆಜಿಲಿನ ದಂಡೆಗೆ ಜೀವಂತ ಇಳಿದವರು ಸುಮಾರು 48 ಲಕ್ಷ ಮಂದಿ. ಅಮೆರಿಕ ಖಂಡದ ಬ್ಯಾರೆ ಯಾವ ದೇಶಕ್ಕೂ ಇಷ್ಟು ಮಂದಿಯನ್ನು ತಂದಿಲ್ಲ. ರಿಯೊ ಪಟ್ಟಣದಾಗ ವಲೊಂಗು ಅಂತ ಒಂದು ಹಡಗುಕಟ್ಟೆ ಐತಿ. 1811ರಲ್ಲಿ ಕಲ್ಲು ಹಾಸಿ ಕಟ್ಟಿದ್ದು. ಅದೊಂದೇ ಜಾಗದಾಗ ಒಂಬತ್ತು ಲಕ್ಷದಷ್ಟು ಮಂದಿ ಇಳಿದರು ಅಂತ ಲೆಕ್ಕ ಹಾಕಿದ್ದಾರೆ. 2017ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು.

1888ರ ಮೇ 13ಕ್ಕೆ ಗುಲಾಮಗಿರಿ ರದ್ದಾಯಿತು. ರಾಜಕುಮಾರಿ ಇಸಾಬೆಲ್ ಸಹಿ ಹಾಕಿದಳು. ಬಿಡುಗಡೆ ಕೊಟ್ಟರು, ಒಂದು ಗುಂಟೆ ಹೊಲ ಕೊಡಲಿಲ್ಲ. ಭೂಮಿ ಇಲ್ಲದವನಿಗೆ ಬಿಡುಗಡೆ ಅಂದ್ರ ಏನು ಅಂತ ಒಕ್ಕಲುತನ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂದಿ ಹಳ್ಳಿ ಬಿಟ್ಟು ಪಟ್ಟಣಕ್ಕೆ ನಡೆದರು.

ಹಂಗ ನಡೆದವರೊಳಗ ಬಾಯಿಯ ಪ್ರಾಂತದವರು ಬಾಳ. ಬ್ರೆಜಿಲಿನ ಈಶಾನ್ಯ ದಿಕ್ಕಿನ ಕಬ್ಬಿನ ಸೀಮೆ ಅದು. ಅಲ್ಲಿ "ಸಾಂಬಾ ದಿ ರೋದ" ಅಂತ ಇತ್ತು, ಈಗಲೂ ಇದೆ. ರೋದ ಅಂದ್ರ ಚಕ್ರ, ಸುತ್ತು. ಮಂದಿ ಸುತ್ತಾಗಿ ನಿಲ್ಲುತ್ತಾರೆ, ಒಬ್ಬ ಹಾಡತಾನ, ಉಳಿದವರು ಎತ್ತಿಕೊಳ್ಳತಾರ, ಚಪ್ಪಾಳೆ ಹೊಡಿತಾರ, ಒಬ್ಬೊಬ್ಬರೇ ನಡುವೆ ಬಂದು ಕುಣಿತಾರ. ವಾದ್ಯ ಬೇಕೇ ಬೇಕು ಅಂತಿಲ್ಲ. ಊಟದ ಗಂಗಾಳ ಎಡಗೈಯಾಗ ಹಿಡಿದು ಅದರ ಅಂಚಿಗೆ ಚಾಕು ತಿಕ್ಕಿದರೆ ಚರಚರ ಅಂತ ಬಡಿತ ಬರತೈತಿ. ಅಡುಗೆ ಮನೆಯ ಗಂಗಾಳ, ಅಡುಗೆ ಮನೆಯ ಚಾಕು. ಈ ಗಂಗಾಳದ ಸಪ್ಪಳ ನೆನಪಿಡಿರಿ, ಮುಂದೆ ಬಲಗೈಗೆ ಬರತೈತಿ. ಯುನೆಸ್ಕೊ 2005ರಲ್ಲಿ ಈ ಸುತ್ತಿನ ಸಾಂಬಾಕ್ಕೆ ಮನ್ನಣೆ ಕೊಟ್ಟಿತು.

ಬಾಯಿಯದಿಂದ ರಿಯೊಕ್ಕೆ ಬಂದವರೊಳಗ ಒಬ್ಬ ಹೆಣ್ಣುಮಗಳು ಇದ್ದಳು. ಹೆಸರು ಇಲಾರಿಯ ಬತೀಸ್ತ ದಿ ಅಲ್ಮೇದ. ಹುಟ್ಟಿದ್ದು 1854ರಲ್ಲಿ, ರಿಯೊಕ್ಕೆ ಬಂದಾಗ ವಯಸ್ಸು 22. ಮಂದಿ ಕರೆದದ್ದು ತಿಯ ಸಿಯಾತಾ ಅಂತ. ತಿಯ ಅಂದ್ರ ಅತ್ತಿ, ಚಿಗವ್ವ. ಬಿಳೆ ಲಂಗ ಉಟ್ಟು, ತಲೆಗೆ ಬಟ್ಟೆ ಸುತ್ತಿ, ಬೀದಿಯಾಗ ಕೂತು ಸಿಹಿ ತಿಂಡಿ ಮಾರುತ್ತಿದ್ದಳು. ಪ್ರಾಸ ಓಂಜಿ ಅನ್ನುವ ಚೌಕದ ಹತ್ತಿರ ಅವಳ ಮನೆ. ಮುಂದಿನ ಪಡಸಾಲೆಯಾಗ ಮರ್ಯಾದಸ್ತರು ಒಪ್ಪುವ ಸಂಗೀತ, ಹಿಂದಿನ ಕೋಣೆಯಾಗ ಸಾಂಬಾ, ಹಿತ್ತಲದಾಗ ಚರ್ಮವಾದ್ಯದ ಬಡಿತ, ಹೀಗೆ ಒಂದೇ ಮನೆಯಾಗ ಮೂರು ಮೇಳ ನಡಿತಿದ್ದವು ಅಂತ ಹೇಳತಾರ. ಪೊಲೀಸರು ಬಂದರೆ ಮುಂದಿನ ಪಡಸಾಲೆ ಕಾಣಬೇಕು, ಹಿತ್ತಲ ಕಾಣಬಾರದು. ಆಗಿನ ಅಧ್ಯಕ್ಷನ ಕಾಲಿನ ಹುಣ್ಣನ್ನು ಗಿಡಮೂಲಿಕೆಯಿಂದ ಅವಳು ವಾಸಿ ಮಾಡಿದಳು, ಅದರಿಂದಾಗಿ ಅವಳ ಮನೆಗೆ ಪೊಲೀಸರ ಕಾಟ ಇರಲಿಲ್ಲ ಅಂತ ಒಂದು ಕಥೆಯೂ ಐತಿ. ನಿಜವೋ ಕಟ್ಟಿದ್ದೋ, ಅಂಥ ಕಥೆ ಹುಟ್ಟಬೇಕಾದರೆ ಕಾಟ ಎಷ್ಟಿತ್ತು ಅಂತ ತಿಳೀತೈತಿ.

ಪೊಲೀಸರ ಕಾಟ ನಿಜ. ಗುಲಾಮಗಿರಿ ರದ್ದಾಗಿ ಎರಡೇ ವರ್ಷಕ್ಕೆ, 1890ರಲ್ಲಿ, ಕೆಲಸ ಇಲ್ಲದೆ ತಿರುಗುವವರನ್ನು ಹಿಡಿಯುವ ಕಾನೂನು ಬಂತು. ಕರಿ ಬಣ್ಣದ ಮನುಷ್ಯ ಕೈಯಾಗ ವಾದ್ಯ ಹಿಡಿದು ಹೊಂಟರೆ ಸಾಕು, ಪೋಲಿ ಅಂತ ಹಿಡಿಬಹುದು. ಜುವಾಂವ್ ದ ಬಯಾನ ಅನ್ನುವ ವಾದ್ಯಗಾರನ ಸುದ್ದಿ ಕೇಳಿರಿ. ಅವನು ಪಾಂದೇರು ಬಾರಿಸುವವ. ಪಾಂದೇರು ಅಂದ್ರ ನಮ್ಮ ದಿಮ್ಮಡಿಯಂಥದ್ದು, ಸುತ್ತ ತಗಡಿನ ಬಿಲ್ಲೆ ಇರತಾವು. 1908ರಲ್ಲಿ ಪೆಂಞ ಜಾತ್ರೆಯಾಗ ಪೊಲೀಸರು ಅದನ್ನು ಕಸಿದುಕೊಂಡರು. ಅವನು ಪಿಂಯೇರು ಮಶಾದು ಅನ್ನುವ ದೊಡ್ಡ ಸೆನೆಟರನ ಮನೆಯ ಔತಣದಾಗ ಬಾರಿಸಬೇಕಿತ್ತು, ವಾದ್ಯ ಇಲ್ಲದ್ದಕ್ಕೆ ಹೋಗಲಿಲ್ಲ. ಯಾಕ ಬರಲಿಲ್ಲ ಅಂತ ಸೆನೆಟರ ಕೇಳಿ ತಿಳಕೊಂಡು, ಹೊಸ ಪಾಂದೇರು ಮಾಡಿಸಿ, ಅದರ ಮೇಲೆ ತನ್ನ ಹೆಸರು ಬರೆಸಿ ಕೊಟ್ಟ. ಆಮೇಲೆ ಯಾವ ಪೊಲೀಸನೂ ಅದಕ್ಕೆ ಕೈ ಹಚ್ಚಲಿಲ್ಲ. ವಾದ್ಯ ಅದೇ, ಬಡಿತ ಅದೇ, ಬಾರಿಸುವವನೂ ಅವನೇ. ನಡುವೆ ಒಂದು ಹೆಸರು ಬಂತು ಅಷ್ಟೆ. ಈ ಜುವಾಂವ್ ಗಂಗಾಳ-ಚಾಕು ಬಾರಿಸುವುದರಾಗೂ ಹೆಸರಾದವ.

ಹೆಸರಿನ ಮಾತು ಬಂತಲ್ಲ, ಇನ್ನೊಂದು ಹೇಳತೇನಿ. ಸಿಯಾತಾ ಮನೆಯ ಮೇಳದಾಗ ಒಂದು ಹಾಡು ಹುಟ್ಟಿತು. ಅದರ ಹೆಸರು "ಪೇಲು ತೆಲೆಫೋನಿ", ಟೆಲಿಫೋನ್ ಮೂಲಕ ಅಂತ ಅರ್ಥ. ದೋಂಗಾ ಅನ್ನುವ ವಾದ್ಯಗಾರ 1916ರ ನವೆಂಬರದಾಗ ರಾಷ್ಟ್ರೀಯ ಗ್ರಂಥಾಲಯದಾಗ ಅದನ್ನು ತನ್ನ ಹೆಸರಿಗೆ ನೋಂದಣಿ ಮಾಡಿಸಿದ. 1917ರ ಕಾರ್ನಿವಲ್ ಹಬ್ಬದಾಗ ಊರೆಲ್ಲ ಅದೇ ಹಾಡು. ರೆಕಾರ್ಡದ ಮೇಲೆ ಸಾಂಬಾ ಅಂತ ಅಚ್ಚಾಗಿ ಗೆದ್ದ ಮೊದಲ ಹಾಡು ಅಂತ ಅದನ್ನೇ ಎಲ್ಲರೂ ಹೇಳತಾರ. ಆದರೆ ಅದು ನಾವೆಲ್ಲರೂ ಕೂಡಿ ಕಟ್ಟಿದ್ದು ಅಂತ ಸಿಯಾತಾ ಮತ್ತು ಮೇಳದ ಉಳಿದವರು ತಕರಾರು ಎತ್ತಿದರು. ಆ ತಕರಾರು ಇವತ್ತಿಗೂ ಪೂರಾ ಬಗೆಹರಿದಿಲ್ಲ.

ನನಗ ಇಲ್ಲಿ ಒಂದು ಮಾತು ಹೇಳಬೇಕು ಅನಸತೈತಿ. ನಮ್ಮ ಡೊಳ್ಳಿನ ಪದದಾಗ, ಗೀಗೀ ಪದದಾಗ ಕಡೆಯ ನುಡಿಯೊಳಗ ಕವಿ ತನ್ನ ಊರು, ಗುರುವಿನ ಹೆಸರು ಹಾಕತಾನ. ಆ ಅಂಕಿತ ಇದ್ದುದಕ್ಕೆ ಎಷ್ಟೋ ಮಂದಿ ಓದು ಬಾರದ ಕವಿಗಳು ಉಳಿದಾರು. ಸುತ್ತು ನಿಂತು ಹಾಡುವ ಹಾಡಿಗೆ ಅಂಕಿತ ಇಲ್ಲ. ಒಬ್ಬ ಒಂದು ಸಾಲು ಹಾಕತಾನ, ಮತ್ತೊಬ್ಬ ಇನ್ನೊಂದು ಕೂಡಿಸತಾನ. ಅಂಥ ಹಾಡು ಕಚೇರಿಯ ಕಾಗದದ ಮೇಲೆ ಏರುವಾಗ ಒಬ್ಬನ ಹೆಸರೇ ಏರತೈತಿ. ದೋಂಗಾನ ತಪ್ಪು ಅಂತ ನಾ ಹೇಳೂದಿಲ್ಲ. ಅವನು ಬರೆಸದೆ ಇದ್ದರೆ ಬ್ಯಾರೆ ಯಾರೋ ಪೇಟೆಯವ ಬರೆಸುತ್ತಿದ್ದ. ಆದರೂ ತಿಂಡಿ ಮಾರಿ ಮೇಳಕ್ಕೆ ಅನ್ನ ಹಾಕಿದವಳ ಹೆಸರು ಆ ಕಾಗದದಾಗ ಇಲ್ಲ. ಸಿಯಾತಾ 1924ರಲ್ಲಿ ತೀರಿಕೊಂಡಳು.

ಆಗಿನ ಸಾಂಬಾ ಕೇಳಿದರೆ ಇವತ್ತಿನ ಬಡಿತ ಅದರಾಗ ಇಲ್ಲ. ಅದು ಮಶೀಶಿ ಅನ್ನುವ ಹಳೆ ಕುಣಿತದ ನಡಿಗೆಯದು, ಜೋಡಿಯಾಗಿ ಒಂದೇ ಜಾಗದಾಗ ಕುಣಿಯಲಿಕ್ಕೆ ಛಲೋ. ಇವತ್ತಿನದು ಹುಟ್ಟಿದ್ದು ಇಸ್ತಾಸಿಯು ಅನ್ನುವ ಬಡವರ ಓಣಿಯಾಗ, 1920ರ ದಶಕದ ಕಡೆಗೆ. ಅಲ್ಲಿಯ ಇಸ್ಮಾಯೆಲ್ ಸಿಲ್ವ ಮುಂದೆ ಮುದುಕನಾದಾಗ ಇದರ ಕಾರಣ ಹೇಳಿದ್ದಾನೆ. ಹಳೆ ಬಡಿತ ಹಿಡಕೊಂಡು ಬೀದಿಯಾಗ ನಡೆಯಲಿಕ್ಕೆ ಬರತಿರಲಿಲ್ಲ. ಗುಂಪು ಕಟ್ಟಿಕೊಂಡು, ಕೈ ಬೀಸಿ, ಕುಣಿಯುತ್ತಾ ಮುಂದೆ ಸಾಗಬೇಕು, ಅದಕ್ಕ ಬ್ಯಾರೆ ಬಡಿತ ಬೇಕಾಯಿತು. ಡೊಳ್ಳು ಕಟ್ಟಿಕೊಂಡು ನಡೆದವರಿಗೆ ಈ ಮಾತು ಕೂಡಲೇ ತಿಳೀತೈತಿ. ಗುಡಿ ಮುಂದೆ ನಿಂತು ಬಾರಿಸುವ ಬಡಿತ ಬ್ಯಾರೆ, ಪಲ್ಲಕ್ಕಿ ಸಂಗಡ ಸಾಗುವ ಬಡಿತ ಬ್ಯಾರೆ.

1928ರ ಆಗಸ್ಟದಾಗ ಇಸ್ತಾಸಿಯುದವರು ಒಂದು ಮೇಳ ಕಟ್ಟಿದರು. ಹೆಸರು "ದೇಶ ಫಲಾರ್". ಅಂದ್ರ "ಮಾತಾಡಲಿ ಬಿಡು" ಅಂತ. ಆಡಿಕೊಳ್ಳುವವರು ಆಡಿಕೊಳ್ಳಲಿ, ನಾವು ಬಾರಿಸೋಣ ಅಂತ ಅದರ ಭಾವ. ಹತ್ತಿರದಾಗ ಮಾಸ್ತರರನ್ನು ತಯಾರು ಮಾಡುವ ಟ್ರೇನಿಂಗ್ ಶಾಲೆ ಇತ್ತಂತೆ. ಅಲ್ಲಿ ಅಕ್ಷರದ ಮಾಸ್ತರರು ಆಗತಾರ, ಇಲ್ಲಿ ಸಾಂಬಾದ ಮಾಸ್ತರರು ಆಗತಾರ ಅನ್ನುವ ಹುರುಪಿನಿಂದ ಇವರು ತಮ್ಮದಕ್ಕೂ ಶಾಲೆ ಅಂದರು. ಸಾಂಬಾ ಶಾಲೆ ಅನ್ನುವ ಹೆಸರು ಹಂಗ ಹುಟ್ಟಿತು ಅಂತ ಇಸ್ಮಾಯೆಲ್ ಹೇಳುತ್ತಿದ್ದ. ನಮ್ಮ ಶಾಲೆಯ ಗುರುಗಳು ಇದನ್ನು ಓದಿ ನಗಬಹುದು. ಆ ಮೇಳ ಬಾಳ ವರ್ಷ ಉಳಿಯಲಿಲ್ಲ, ಆದರೆ ಹೆಸರೂ ಬಡಿತವೂ ಉಳಿದವು. 1932ರಲ್ಲಿ ಪ್ರಾಸ ಓಂಜಿಯೊಳಗ ಸಾಂಬಾ ಶಾಲೆಗಳ ಮೊದಲ ಪೈಪೋಟಿ ನಡೆದು ಮಂಗೇರ ಗುಡ್ಡದ ಮೇಳ ಗೆದ್ದಿತು.

ಇಸ್ತಾಸಿಯುದ ಗುಂಪಿನಾಗ ಬಿದಿ ಅಂತ ಒಬ್ಬ. ಪೂರಾ ಹೆಸರು ಅಲ್ಸೆಬಿಯಾದಿಸ್ ಬರ್ಸೆಲುಸ್, ಚಪ್ಪಲಿ-ಬೂಟು ಹೊಲಿಯುವ ಕಸುಬು. ಮೇಳ ಬೀದಿಯಾಗ ಉದ್ದಕ್ಕೆ ಸಾಗುವಾಗ ಹಿಂದಿನವರಿಗೆ ಲಯ ಕೇಳಸಂಗಿಲ್ಲ, ಹೆಜ್ಜೆ ಕೆಡತೈತಿ. ಎಲ್ಲರನ್ನೂ ಹಿಡಿದು ನಿಲ್ಲಿಸುವ ಒಂದು ದಪ್ಪ ಸಪ್ಪಳ ಬೇಕಾಯಿತು. ಬಿದಿ 20 ಕಿಲೊ ಬೆಣ್ಣೆ ತುಂಬಿ ಬರುವ ತಗಡಿನ ಡಬ್ಬಿ ತಂದ, ಅದರ ಬಾಯಿಗೆ ಸಿಮೆಂಟ್ ಚೀಲದ ಕಾಗದ ಬಿಗಿದ, ಬಾರಿಸಿದ. ಅದೇ ಸುರ್ದು. ಆ ಮಾತಿಗೆ ಕಿವುಡ ಅಂತ ಅರ್ಥ, ಸಪ್ಪಳ ಅಷ್ಟು ಗವ್ವಂತ ಮುಚ್ಚಿಕೊಂಡಂತೆ ಇರತೈತಿ. ಇವತ್ತು ಅದು ದೊಡ್ಡ ಪೀಪಾಯಿಯಷ್ಟು ಡೋಲು, ಚರ್ಮವೂ ಚಲೋದು. ಆದರೆ ಮೂಲ ಬೆಣ್ಣೆ ಡಬ್ಬಿ.

ಸುರ್ದು ಬೀಳುವ ಜಾಗ ತಿಳಿಯುವುದೇ ಸಾಂಬಾದ ಗುಟ್ಟು. ಸಾಂಬಾದ ಲೆಕ್ಕ ಎರಡೆರಡು ಪೆಟ್ಟಿನದು. ಬ್ಯಾಂಡಿನ ಹುಡುಗರು ಮೊದಲನೆಯ ಪೆಟ್ಟನ್ನೇ ಜೋರು ಹೊಡಿತಾರ. ಸಾಂಬಾದಾಗ ದೊಡ್ಡ ಸುರ್ದು ಬೀಳೂದು ಎರಡನೆಯದಕ್ಕೆ. ಮೊದಲನೆಯದಕ್ಕೆ ಅದಕ್ಕಿಂತ ಸಣ್ಣ ದನಿಯ ಇನ್ನೊಂದು ಸುರ್ದು ಮೆಲ್ಲಗೆ ಬೀಳತೈತಿ, ಒಂದು ಕೇಳತೈತಿ, ಒಂದು ಉತ್ತರ ಕೊಡತೈತಿ. ಮಂಗೇರ ಮೇಳದವರು ಆ ಸಣ್ಣ ಸುರ್ದು ಇಟ್ಟುಕೊಂಡೇ ಇಲ್ಲ, ಎರಡನೆಯ ಪೆಟ್ಟು ಒಂದೇ. ಕಣ್ಣು ಮುಚ್ಚಿ ಕೇಳಿದರೂ ಅದು ಮಂಗೇರ ಅಂತ ರಿಯೊದವರು ಹೇಳತಾರ.

ಇಸ್ತಾಸಿಯುದಿಂದ ಬಂದ ಇನ್ನೊಂದು ವಾದ್ಯ ತಂಬೊರಿಂ. ಅಂಗೈ ಅಗಲದ ಸಣ್ಣ ದಿಮ್ಮಡಿ, ಬಿಲ್ಲೆ ಇಲ್ಲ, ಕಡ್ಡಿಯಿಂದ ಹೊಡಿತಾರ. ಸುರ್ದು ನೆಲ ಆದರೆ ಇದು ಮಾತು. 16 ಸಣ್ಣ ಮಾತ್ರೆಯ ಒಂದು ಸುತ್ತಿನಾಗ ಇದು ಒಂಬತ್ತು ಪೆಟ್ಟು ಹಾಕತೈತಿ. ಆ ಪೆಟ್ಟು ಸಮಾನ ಅಂತರದಾಗ ಇಲ್ಲ. ಏಳು ಅಂತರ ಎರಡೆರಡು ಮಾತ್ರೆಯವು, ಎರಡು ಅಂತರ ಒಂದೊಂದು ಮಾತ್ರೆಯವು. ಕೂಡಿಸಿದರೆ 16. ರಿಯೊದ ಮಂದಿ ಬಾಯಿಲೆ ಇದಕ್ಕ ತೆಲೆಕೊ-ತೆಕೊ ಅಂತಾರ. ಮಧ್ಯ ಆಫ್ರಿಕಾದ ಅಂಗೋಲಾ, ಕಾಂಗೊ ಕಡೆಯ ಬಡಿತದಾಗೂ ಇದೇ ಅಂತರಗಳು ಇದಾವು ಅಂತ ಸಂಗೀತದ ಅಭ್ಯಾಸ ಮಾಡಿದವರು ತೋರಿಸಿದ್ದಾರೆ. ಮಂದಿಯ ಹೆಸರು ಬದಲಿಸಿದರು, ದೇವರು ಬದಲಿಸಿದರು, ಭಾಷೆ ಬಿಡಿಸಿದರು. ಈ ಒಂಬತ್ತು ಪೆಟ್ಟಿನ ಲೆಕ್ಕ ಮಾತ್ರ ಕೈಯಾಗ ಉಳಿದು ಬಂತು.

ಇದೆಲ್ಲ ಬೀದಿಯಾಗ. ರೆಕಾರ್ಡ ಕಂಪನಿಯವರು ಬಾಳ ದಿನ ಚರ್ಮವಾದ್ಯ ಒಳಗ ಬಿಡಲಿಲ್ಲ. ಹಳೆ ಕಾಲದಾಗ ಭೋಂಗಾದ ಮುಂದೆ ನಿಂತು ಹಾಡಬೇಕಿತ್ತು, ದಪ್ಪ ಸಪ್ಪಳ ಅದಕ್ಕೆ ತಡೆಯುತ್ತಿರಲಿಲ್ಲ. 1927ರಲ್ಲಿ ಬ್ರೆಜಿಲಿಗೆ ಕರೆಂಟಿನ ಮೈಕು ಬಂದ ಮೇಲೆ ದಾರಿ ತೆರೆಯಿತು. 1929ರ ಕಡೆಗೆ "ನ ಪವೂನ" ಅನ್ನುವ ಹಾಡಿನಾಗ ಬೀದಿಯ ಸುರ್ದು, ತಂಬೊರಿಂ, ಪಾಂದೇರು ಎಲ್ಲ ಮೊದಲ ಸಲ ರೆಕಾರ್ಡ ಒಳಗ ಕೂತವು.

ಇನ್ನು ಡ್ರಮ್ ಸೆಟ್ಟಿನ ಹುಟ್ಟು ಬ್ಯಾರೆ ಕಡೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಮುಂತಾದ ಪಟ್ಟಣಗಳ ಬ್ಯಾಂಡಿನಾಗ ದೊಡ್ಡ ಡೋಲಿಗೆ ಒಬ್ಬ, ಸ್ನೇರ್ ಡ್ರಮ್ಮಿಗೆ ಒಬ್ಬ, ತಾಳಕ್ಕೆ ಒಬ್ಬ ಇರುತ್ತಿದ್ದರು. ನಾಟಕದ ಕೋಣೆಯಾಗ ಅಷ್ಟು ಮಂದಿಗೆ ಜಾಗವೂ ಇಲ್ಲ, ಪಗಾರವೂ ಇಲ್ಲ. 1909ರಲ್ಲಿ ಶಿಕಾಗೋದ ವಿಲಿಯಂ ಲುಡ್ವಿಗ್ ಕಾಲಿನಿಂದ ತುಳಿದು ದೊಡ್ಡ ಡೋಲು ಬಾರಿಸುವ ಛಲೋ ಪೆಡಲ್ ತಯಾರಿಸಿದ. ಕೈ ಎರಡೂ ಖುಲ್ಲಾ ಆದವು. 1920ರ ದಶಕದಾಗ ಎಡಗಾಲಿಗೂ ಕೆಲಸ ಬಂತು, ತುಳಿದರೆ ಎರಡು ತಾಳ ಕೂಡಿ ಚಪ್ ಅನ್ನುವ ಹೈ-ಹ್ಯಾಟ್. ಡೋಲು, ಸ್ನೇರ್ ಯುರೋಪಿನ ದಂಡಿನ ಬ್ಯಾಂಡಿನವು, ತಾಳ ತುರ್ಕಿ ದೇಶದ್ದು, ಟಾಮ್-ಟಾಮ್ ಮೊದಮೊದಲು ಚೀನಾದವರಿಂದ ಬಂದದ್ದು. ಹೀಗೆ ನಾಲ್ಕು ಊರಿನ ಸಾಮಾನು ಒಂದು ಕುರ್ಚಿಯ ಸುತ್ತ ಕೂಡಿತು. ಅದು ಬ್ರೆಜಿಲಿನ ಡಾನ್ಸ್ ಹಾಲ್, ಸಿನೆಮಾ ಟಾಕೀಸು, ರೇಡಿಯೊ ಒಳಗೂ ಹೊಕ್ಕಿತು.

ಅಲ್ಲಿ ಲುಸಿಯಾನು ಪೆರೋನಿ ಅನ್ನುವವ ಇದ್ದ. 1908ರಲ್ಲಿ ಹುಟ್ಟಿದವ, ಹುಡುಗ ಇದ್ದಾಗ ಮೂಕಚಿತ್ರ ಓಡುವ ಟಾಕೀಸಿನ ಮೇಳದಾಗ ಬಾರಿಸುತ್ತಿದ್ದ. ಅಮೆರಿಕದ ಸಾಮಾನು, ಬೀದಿಯ ಬಡಿತ, ಎರಡನ್ನೂ ಗಂಟು ಹಾಕಿದವರಾಗ ಮೊದಲಿಗ. 1931ರ "ಫಸೇರ" ಹಾಡಿನಾಗ ಅವನ ಬಡಿತ ಎದ್ದು ಕೇಳತೈತಿ. ಆಮೇಲೆ ರೇಡಿಯೊ ನಸಿಯೊನಾಲ್ ಮೇಳ ಸೇರಿದ. ಅಷ್ಟು ದೊಡ್ಡ ಮೇಳಕ್ಕೆ ಲಯ ಹೊರುವ ಕೈ ಕಡಿಮೆ ಇದ್ದವು. ಒಂದು ಬೀದಿಯ ಬಡಿತ ನಾನೊಬ್ಬನೇ ಹೆಂಗ ಹೊರಲಿ, ಊದುವ ವಾದ್ಯದವರಿಗೂ ತಂಬೊರಿಂ ಲಯ ಕೊಡ್ರಿ ಅಂತ ಅವನು ಮೇಳ ಹೊಂದಿಸುವ ರದಮೇಸ್ ನ್ಯಾತಲಿಗೆ ಹೇಳಿದನಂತೆ. 1939ರ "ಅಕ್ವರೇಲ ದು ಬ್ರಜೀಲ್" ಹಾಡಿನಾಗ ಸ್ಯಾಕ್ಸೊಫೋನಿನವರು ಬಾಯಿಲೆ ಬಡಿತ ಹಾಕಿದಂಗ ಊದಿದ್ದು ಹಿಂಗ.

ಮುಂದಿನ ಪಾಳಿ ಕೋಪಕಬಾನದ ಸಣ್ಣ ಸಣ್ಣ ಕ್ಲಬ್ಬುಗಳದ್ದು. ಅಲ್ಲಿ ಬಾಟ್ಲಿ ಓಣಿ ಅಂತ ಒಂದು ಇಕ್ಕಟ್ಟಿನ ಓಣಿ, ರಾತ್ರಿಯೆಲ್ಲ ಗದ್ದಲ ಕೇಳಿ ಬೇಸತ್ತ ಮಾಳಿಗೆ ಮೇಲಿನವರು ಬಾಟ್ಲಿ ಒಗೆಯುತ್ತಿದ್ದರಂತೆ, ಅದಕ್ಕ ಆ ಹೆಸರು. ಅಂಥ ಕಡೆ ಬಾರಿಸಿ ಬೆಳೆದವ ಎಡಿಸನ್ ಮಶಾದು. ಅವತ್ತಿನವರೆಗೆ ಸಾಂಬಾ ಅಂದ್ರ ಸ್ನೇರ್ ಮತ್ತು ಟಾಮ್ ಮೇಲೆ. ಒಂದು ದಿನ ಸ್ನೇರಿನ ಚರ್ಮ ಹರಿಯಿತು, ಕೈ ತಾಳದ ಮೇಲೆ ಹೋಯಿತು, ಅದೇ ಹೊಸ ಚಾಲು ಆಯಿತು ಅಂತ ಕಥೆ. 1964ರ ಅವನ ರೆಕಾರ್ಡ "ಎಡಿಸನ್ ಮಶಾದು ಎ ಸಾಂಬಾ ನೋವು" ಕೇಳಿದರೆ ತಾಳ ಮಳೆ ಸುರಿದಂಗ ಸುರೀತೈತಿ. ಅದೇ ಕಾಲದ ಮಿಲ್ತನ್ ಬನಾನ ಇದಕ್ಕ ಉಲ್ಟಾ. ಜುವಾಂವ್ ಜಿಲ್ಬೆರ್ತು ಹಾಡುವಾಗ ಹಿಂದೆ ಬಾರಿಸಿದವ, ಪಿಸುಮಾತಿನಂಥ ಬಡಿತ. ಬೊಸ್ಸ ನೋವ ಅಂತ ಜಗತ್ತೆಲ್ಲ ಹಬ್ಬಿದ ಸಂಗೀತದ ಕೆಳಗ ಅವನ ಕೈ ಐತಿ. ನನಗ ಮಶಾದುಗಿಂತ ಬನಾನ ಹೆಚ್ಚು ಹಿಡಸತಾನ. ಹಾಡುವವನ ಮಾತು ಮುಚ್ಚದಂಗ ಬಾರಿಸುವುದು ಡೊಳ್ಳಿನವರಿಗೂ ಕಲಿಯಲಿಕ್ಕೆ ಕಠಿಣ.

ಈಗ ಬಡಿತ. ಒಂದು ಪೆಟ್ಟನ್ನು ತ-ಕ-ಧಿ-ಮಿ ಅಂತ ನಾಲ್ಕು ಮಾತ್ರೆ ಮಾಡಿ ಬಾಯಿಲೆ ಅನ್ನಿರಿ. ಎರಡು ತಕಧಿಮಿ ಅಂದ್ರ ಸಾಂಬಾದ ಒಂದು ಮನೆ.

ಬಲಗಾಲು ಸುರ್ದಿನವ. ಬೇಸ್ ಡ್ರಮ್ ಪೆಡಲಿನ ಮೇಲೆ ತ ಮತ್ತು ಮಿ ಎರಡಕ್ಕೆ ತುಳೀಬೇಕು. ತ, ಬಿಡುವು, ಬಿಡುವು, ಮಿ. ಕೂಡಲೇ ಮತ್ತ ತ, ಬಿಡುವು, ಬಿಡುವು, ಮಿ. ಮಿ ಹಗುರ, ಮುಂದಿನ ತ ಕ್ಕೆ ಕೈ ಹಿಡಿದು ತರುವಷ್ಟು. ಮೊದಲನೆಯ ತಕಧಿಮಿಯ ತ ಮೆತ್ತಗೆ, ಎರಡನೆಯದರ ತ ಭಾರ. ಬೆಣ್ಣೆ ಡಬ್ಬಿ ಬೀಳೂದು ಅಲ್ಲಿ. ನಮ್ಮ ಹುಡುಗರ ಕಾಲು ಮೊದಲನೆಯದನ್ನೇ ಗುದ್ದತೈತಿ, ಅದಕ್ಕೇ ಕುಣಿತ ಸಾಯತೈತಿ. ಇದೊಂದನ್ನೇ ಒಂದು ವಾರ ತುಳಿದರೂ ದಂಡ ಅಲ್ಲ.

ಎಡಗಾಲು ಹೈ-ಹ್ಯಾಟ್. ಪ್ರತಿ ಧಿ ಗೆ ಚಪ್. ಸುತ್ತು ನಿಂತವರ ಚಪ್ಪಾಳೆಯ ಹಂಗ ತಿಳಿದು ತುಳಿರಿ, ಹೆಚ್ಚು ಜೋರು ಬ್ಯಾಡ.

ಬಲಗೈ ಗಂಗಾಳ-ಚಾಕುವಿನವ, ಪಾಂದೇರಿನ ಬಿಲ್ಲೆಯವ. ಹೈ-ಹ್ಯಾಟ್ ಮೇಲಾಗಲಿ ದೊಡ್ಡ ತಾಳದ ಮೇಲಾಗಲಿ ನಾಲ್ಕೂ ಮಾತ್ರೆ ಬಿಡದೆ ನಡಸಬೇಕು. ಆ ನಾಲ್ಕು ತಕ್ಕಡಿಯಾಗ ತೂಗಿದಂಗ ಸಮ ಇರೂದಿಲ್ಲ, ಒಂದಿಷ್ಟು ಉರುಳಿಕೊಂಡು ಬರತಾವು. ಇದನ್ನು ಬರೆದು ತೋರಿಸಲಿಕ್ಕೆ ಆಗೂದಿಲ್ಲ, ಜುವಾಂವ್ ದ ಬಯಾನನಂಥವರ ರೆಕಾರ್ಡ ಕೇಳೇ ಹಿಡೀಬೇಕು.

ಎಡಗೈ ತಂಬೊರಿಂದವ. ಕೋಲನ್ನು ಸ್ನೇರ್ ಚರ್ಮದ ಮೇಲೆ ಅಡ್ಡ ಮಲಗಿಸಿ, ಅದರ ಮೈಯನ್ನು ಕಬ್ಬಿಣದ ಅಂಚಿಗೆ ತಾಗಿಸಿದರೆ ಟಕ್ ಅನ್ನತೈತಿ. ನಾಲ್ಕು ತಕಧಿಮಿ ಕೂಡಿದರೆ 16 ಮಾತ್ರೆ, ಒಂದು ಸುತ್ತು. ಒಂಬತ್ತು ಪೆಟ್ಟಿನ ಒಂದು ರೂಢಿಯ ರೀತಿ ಹಿಂಗ ಐತಿ: ಮೊದಲನೆಯದರಾಗ ತ, ಧಿ. ಎರಡನೆಯದರಾಗ ತ, ಕ, ಮಿ. ಮೂರನೆಯದರಾಗ ಕ, ಮಿ. ನಾಲ್ಕನೆಯದರಾಗ ಕ, ಧಿ. ಬ್ಯಾರೆ ಬ್ಯಾರೆ ಮೇಳದವರು ಇದನ್ನು ಬ್ಯಾರೆ ಮಾತ್ರೆಯಿಂದ ಸುರು ಮಾಡತಾರ, ಅದು ಮುಂದಿನ ಮಾತು. ಇದು ಬರುವತನಕ ಉಳಿದ ಮೂರು ಮಂದಿಯನ್ನು ನಿಲ್ಲಿಸಬಾರದು. ಎಡಗೈ ತಪ್ಪಿದರೆ ಎಡಗೈ ಅಷ್ಟೇ ಸುಮ್ಮನಾಗಿ, ಮುಂದಿನ ಸುತ್ತಿನ ತ ಕ್ಕೆ ಕಾದು ಹೊಗಬೇಕು. ರಿಯೊದ ದೊಡ್ಡ ಸಾಂಬಾ ಶಾಲೆಯ ಬಡಿತದ ಮೇಳದಾಗ ಈಗ 250ರಿಂದ 300 ಮಂದಿ ಇರತಾರ. ಅಲ್ಲಿ ಒಬ್ಬ ತಪ್ಪಿದರೆ ಮೆರವಣಿಗಿ ನಿಲ್ಲಂಗಿಲ್ಲ.

ಡ್ರಮ್ ಸೆಟ್ ಇಲ್ಲದವರು, ಶಾಲೆಯ ಮಕ್ಕಳು, ಇದನ್ನು ನಡೆದು ಕಲೀಬಹುದು. ಇಸ್ತಾಸಿಯುದವರು ಇದನ್ನು ಕಟ್ಟಿದ್ದೇ ನಡೆಯಲಿಕ್ಕೆ. ಒಂದು ಹೆಜ್ಜಿಗೆ ಒಂದು ತಕಧಿಮಿ, ನಾಲ್ಕು ಹೆಜ್ಜಿಗೆ ಒಂದು ಸುತ್ತು, ಎರಡನೆಯ ನಾಲ್ಕನೆಯ ಹೆಜ್ಜಿ ಭಾರ. ಆ ಒಂಬತ್ತು ಪೆಟ್ಟು ಚಪ್ಪಾಳೆಯಿಂದ ಹಾಕುತ್ತಾ ಅಗಸಿಯಿಂದ ಹೊಲದ ದಾರಿಗುಂಟ ಹೋಗಿರಿ. ಮೊದಲೆರಡು ಹೆಜ್ಜಿಗೆ ಕಾಲು, ಕೈ ಕೂಡಿ ಬೀಳತಾವು. ಮುಂದಿನೆರಡು ಹೆಜ್ಜಿಗೆ ಕಾಲು ನೆಲಕ್ಕೆ ಬಿದ್ದಾಗ ಕೈ ಖಾಲಿ ಇರತೈತಿ, ಪೆಟ್ಟು ಆಮೇಲೆ ಬೀಳತೈತಿ.